ಬೋಳುಗೋಡೆಯ ವಕೀಲ

ನಮ್ಮೂರ ಹೆಸರು ಚಿಕ್ಕಗಡಿ. ಮಕ್ತಲ್‌ನಿಂದ ಹೊಳೆಯ ಕಡೆಗೆ ಹೋಗುವ ರಸ್ತೆಯಲ್ಲಿ ಎಡಕ್ಕೆ ಹೊರಳಿದರೆ ಸಿಗುತ್ತದೆ. ಊರು ರಾಜ್ಯದ ಗಡಿಯಲ್ಲಿರುವುದರಿಂದ ಈ ಹೆಸರು ಬಂತು ಎಂದು ಕನ್ನಡದವರು ಹೇಳುತ್ತಾರೆ. ತೆಲುಗಿನವರು ಕೋಟೆಯಂಥ ದೊರೆಯ ಮನೆಗೆ ಗಡಿ ಎನ್ನುತ್ತಾರೆ, ಅಂಥದೊಂದು ಊರಿನಲ್ಲಿರುವುದರಿಂದಲೇ ಈ ಹೆಸರು ಎನ್ನುತ್ತಾರೆ. ಈ ವಿಷಯದಲ್ಲಿ ಎರಡೂ ಕಡೆಯವರೊಡನೆ ಜಗಳವಾಡಿದ ಒಬ್ಬನೇ ಮನುಷ್ಯ ನಾನು.

ನನ್ನ ಹೆಸರು ಮಾರ್ಕಂಡೇಯ. ಗದ್ವಾಲ ಸೀರೆ ನೇಯುವವನು. ಕನ್ನಡ ಶಾಲೆಯಲ್ಲಿ ಹತ್ತನೆಯ ಇಯತ್ತೆವರೆಗೆ ಓದಿದ್ದೇನೆ. ಊರಿಗೆ ಬರುವ ಒಂದೇ ಒಂದು ಕನ್ನಡ ಪತ್ರಿಕೆ ನನ್ನ ಮನೆಗೆ ಬರುತ್ತದೆ. ರಾಯಚೂರಿನ ಬಸ್ಸಿನಲ್ಲಿ ಬರಬೇಕಾದ್ದರಿಂದ ಮುಟ್ಟುವಾಗ ಮಧ್ಯಾಹ್ನವಾಗುತ್ತದೆ. ಹೀಗಾಗಿ ಜಗತ್ತಿನ ಬಗೆಗಿನ ನನ್ನ ಅಭಿಪ್ರಾಯಗಳೆಲ್ಲ ಅರ್ಧ ದಿನ ಹಳಸಿರುತ್ತವೆ. ಆದರೆ ಗಟ್ಟಿಯಾಗಿರುತ್ತವೆ. ಊರವರು ಹೌದು ಅಂದಲ್ಲಿ ನಾನು ಅಲ್ಲ ಅನ್ನುತ್ತೇನೆ, ಅವರು ಅಲ್ಲ ಅಂದರೆ ಹೌದು. ಇದನ್ನು ನಾನು ಸ್ವತಂತ್ರ ಚಿಂತನೆ ಎಂದು ತಿಳಿದಿದ್ದೆ. ನನ್ನ ಹೆಂಡತಿ ಜೋಗಮ್ಮ ಇದಕ್ಕೆ ಪಿತ್ತ ಎಂದು ಹೆಸರಿಟ್ಟು ಮುಂಜಾನೆ ಜೀರಿಗೆ ಕಷಾಯ ಕೊಡುತ್ತಿದ್ದಳು.

ಊರಲ್ಲಿ ಕರಿಕಲ್ಲಿನ ಮನೆಗಳು, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಂಥ ಓಣಿಗಳು, ನಡುವೆ ಪಾಳುಬಿದ್ದ ಗಡಿ. ಗಡಿಯ ಹಿಂದೆ ರಾಣಿಬಾಗ್. ಯಾವುದೋ ಸಂಸ್ಥಾನದ ರಾಣಿ ಬೇಸಿಗೆಗೆ ಇಲ್ಲಿ ಬಂದು ಮಲ್ಲಿಗೆಯ ನಡುವೆ ಕೂರುತ್ತಿದ್ದಳಂತೆ. ನಾನು ಕಂಡ ಬಾಗ್‌ನಲ್ಲಿ ಮಲ್ಲಿಗೆ ಇರಲಿಲ್ಲ. ಬಳ್ಳಾರಿ ಜಾಲಿ, ಸೀತಾಫಲದ ಪೊದೆ, ಮುರಿದ ಕಾರಂಜಿ, ಒಂದು ದೊಡ್ಡ ಬೇವಿನ ಮರ, ಇಷ್ಟು ಇದ್ದವು. ಹುಡುಗನಾಗಿದ್ದಾಗ ಅಲ್ಲಿಗೆ ಹಣ್ಣು ಕದಿಯಲು ಹೋಗುತ್ತಿದ್ದೆ. ದೊಡ್ಡವನಾದ ಮೇಲೆ ಬೆಳಗಿನ ಹೊತ್ತು ಚೊಂಬು ಹಿಡಿದುಕೊಂಡು ಹೋಗುತ್ತಿದ್ದೆ. ಮನೆಮನೆಗೆ ಪಾಯಿಖಾನೆ ಬಂದ ಮೇಲೆ ಅದೂ ನಿಂತಿತ್ತು. ನಮ್ಮ ಪರಂಪರೆಯ ಜೊತೆ ನನಗಿದ್ದ ಸಂಬಂಧ ಅಷ್ಟೇ.

ಇಂಥ ಊರನ್ನು ಹೈದರಾಬಾದಿನ ಒಂದು ಟ್ರಸ್ಟ್‌ನವರು ಎತ್ತಿಕೊಂಡರು. ಹಳೆಯ ಊರು, ಹಳೆಯ ತೋಟ, ಎರಡನ್ನೂ ಹೊಸದು ಮಾಡಿ ನೋಡುವವರನ್ನು ಕರೆಸುವುದು ಅವರ ಯೋಜನೆ. ಕೆಲಸಕ್ಕೆ ಬಂದವನು ಭಾನುಪ್ರಕಾಶ ಎಂಬ ಆರ್ಕಿಟೆಕ್ಟ್. ನಲವತ್ತರ ಒಳಗಿನ ವಯಸ್ಸು. ತಾಯಿಯ ತವರು ರಾಯಚೂರಾದ್ದರಿಂದ ನಮ್ಮ ಮಾತನ್ನೇ ಆಡುತ್ತಿದ್ದ. ಯಾವಾಗ ನೋಡಿದರೂ ಬಸ್‌ಸ್ಟ್ಯಾಂಡಿನ ಮಿರ್ಚಿ ಭಜಿ ತಿನ್ನುತ್ತಿದ್ದ. ಭಜಿ ಕಟ್ಟಿಕೊಟ್ಟ ಕಾಗದದ ಮೇಲೆಯೇ, ಎಣ್ಣೆ ಹತ್ತದ ಜಾಗ ಹುಡುಕಿ, ನಕ್ಷೆ ಗೀಚುತ್ತಿದ್ದ.

ಪಂಚಾಯಿತಿ ಕಟ್ಟೆಯ ಮೇಲೆ ಸಭೆ ಸೇರಿಸಿ ಅವನು ಬಿಳಿ ಥರ್ಮೋಕೋಲಿನಲ್ಲಿ ಮಾಡಿದ ನಮ್ಮೂರನ್ನು ಮೇಜಿನ ಮೇಲಿಟ್ಟ. ಎಲ್ಲರೂ ಬಗ್ಗಿ ತಮ್ಮ ತಮ್ಮ ಮನೆ ಹುಡುಕತೊಡಗಿದರು. ನನ್ನ ಜೊತೆ ಶಾಲೆ ಕಲಿತ ಕುರುಬರ ಕುರುಮಯ್ಯ ಕೇಳಿದ, “ಸಾರ್, ನನ್ನ ಕುರಿದೊಡ್ಡಿ ಎಲ್ಲೈತ್ರಿ ಇದರಾಗ?”

ಭಾನುಪ್ರಕಾಶ ಒಂದು ಬಿಳಿ ಚೌಕ ತೋರಿಸಿದ.

“ಕುರಿಗಿಂತ ದೊಡ್ಡೀನ ಬೆಳ್ಳಗೈತಿ ಬಿಡ್ರಿ,” ಎಂದು ಕುರುಮಯ್ಯ ತೃಪ್ತಿಯಿಂದ ಕುಳಿತ.

ರಾಣಿಬಾಗ್‌ನ ಜಾಗದಲ್ಲಿ ಸಾಲಾಗಿ ಹುಲ್ಲು, ನೆಟ್ಟಗೆ ಒಂದು ನೀರಿನ ಕಾಲುವೆ, ಜಲ್ಲಿ ಹಾಸಿದ ದಾರಿ, ಆ ಕಡೆಯಿಂದ ಈ ಕಡೆಯವರೆಗೆ ಒಂದು ಉದ್ದನೆಯ ಗೋಡೆ ಇದ್ದವು. ಗೋಡೆಗೆ ಗಿಲಾವ್ ಇಲ್ಲ, ಬಣ್ಣವಿಲ್ಲ. ಬರಿ ಕಾಂಕ್ರೀಟು. ನಡುವೆ ಒಂದು ಚೌಕದ ಕಿಂಡಿ, ಅದರೊಳಗಿಂದ ಬೇವಿನ ಮರ ಮಾತ್ರ ಕಾಣಬೇಕು.

“ಹೂವು ಎಲ್ಲಿರಿ?” ಎಂದು ಯಾರೋ ಕೇಳಿದರು.

“ಹೂವು ಇರೂದಿಲ್ಲ. ಬೆಳಕು, ನೆರಳು, ನೀರು. ಮೂರಾ,” ಎಂದ.

ಜನ ತಲೆಯಾಡಿಸಿದರು. ಅವರು ತಲೆಯಾಡಿಸಿದ್ದನ್ನು ಕಂಡೊಡನೆ ನಾನು ಎದ್ದು ನಿಂತೆ. ಏನು ಹೇಳಬೇಕೆಂದು ಗೊತ್ತಿರಲಿಲ್ಲ, ಆದರೆ ನಿಂತ ಮೇಲೆ ಮಾತು ತಾನೇ ಬಂತು. “ನಮ್ಮ ಪೂರ್ವಜರು ಬೆವರು ಸುರಿಸಿ ಕಟ್ಟಿದ ಊರು ಇದು. ರಾಣಿ ಕುಂತ ಮಲ್ಲಿಗಿ ತ್ವಾಟ ಅದು. ಅಲ್ಲಿ ಜೇಲಿನ ಗ್ವಾಡಿ ಕಟ್ಟಾಕ ನಾವು ಬಿಡೂದಿಲ್ಲ!” ನನ್ನ ಅಜ್ಜ ಮಗ್ಗ ಹೊತ್ತುಕೊಂಡು ನಾರಾಯಣಪೇಟೆಯಿಂದ ಬಂದವನು. ಈ ಊರಲ್ಲಿ ನಮ್ಮ ಪೂರ್ವಜರು ಒಂದು ಕಟ್ಟೆಯನ್ನೂ ಕಟ್ಟಿರಲಿಲ್ಲ. ಆದರೂ ಮಾತು ಮುಗಿಯುವಷ್ಟರಲ್ಲಿ ನನಗೇ ಕಣ್ಣು ತುಂಬಿ ಬಂತು.

ಮರುದಿನ ಗಡಿಯ ಬಾಗಿಲ ಮುಂದೆ ಶಾಮಿಯಾನಾ ಹಾಕಿಸಿ ಉಪವಾಸ ಕುಳಿತೆ. ‘ಆಮರಣಾಂತ’ ಎಂದು ಬೋರ್ಡು ಬರೆದವನೂ ನಾನೇ. ಮುಂಜಾನೆ ರೊಟ್ಟಿ, ಪುಂಡಿಪಲ್ಯ ಹೊಡೆದು ಬಂದಿದ್ದರಿಂದ ಮೊದಲು ಸ್ವಲ್ಪ ಹೊತ್ತು ನಿಜವಾಗಿಯೂ ಆಮರಣಾಂತ ಕೂರಬಲ್ಲೆ ಅನ್ನಿಸಿತು. ನೋಡಲು ಯಾರೂ ಬರಲಿಲ್ಲ. ಬಿಸಿಲು ಏರಿದಾಗ ಕಟ್ಟಡದ ಕೂಲಿಯವರು ಊಟಕ್ಕೆ ನೆರಳು ಹುಡುಕುತ್ತ ಬಂದು ನನ್ನ ಶಾಮಿಯಾನಾದ ಕೆಳಗೇ ಡಬ್ಬಿ ಬಿಚ್ಚಿದರು. ನಾನು ವಿರೋಧಿಸುತ್ತಿರುವುದು ನಿಮ್ಮ ಕೆಲಸವನ್ನೇ ಎಂದು ಹೇಳಲು ಬಾಯಿ ತೆರೆದೆ. ಒಬ್ಬ ಹೆಣ್ಣುಮಗಳು ಅದನ್ನು ಬೇರೆ ಅರ್ಥ ಮಾಡಿಕೊಂಡು, “ತಗೋರಿ ಅಣ್ಣಾ, ನಾಚಬ್ಯಾಡ್ರಿ,” ಎಂದು ರೊಟ್ಟಿ ಮುಂದೆ ಹಿಡಿದಳು.

ಅಷ್ಟರಲ್ಲಿ ಭಾನುಪ್ರಕಾಶನೇ ಬಂದು ನನ್ನ ಪಕ್ಕ ಚಕ್ಕಳಮಕ್ಕಳ ಹಾಕಿ ಕುಳಿತ. ಮಡಿಲಲ್ಲಿ ಭಜಿಯ ಪೊಟ್ಟಣ.

“ಕಾಕಾ, ನೀವು ನಿನ್ನೆ ಹೇಳಿದ್ದನ್ನ ಭಾಳ ಯೋಚನಿ ಮಾಡೀನ್ರಿ.”

“ಮತ್ತ?”

“ಮತ್ತೇನಿಲ್ಲ. ಗ್ವಾಡಿ ಕಟ್ಟತೀನಿ. ಭಜಿ ತಿನ್ರಿ, ಬಿಸಿ ಅದಾವು.”

ಆ ಮನುಷ್ಯನ ಮೇಲೆ ಸಿಟ್ಟು ಬರಬೇಕಿತ್ತು. ಆದರೆ ಭಜಿಯ ವಾಸನೆ ಮೊದಲು ಬಂತು. ಒಂದನ್ನು ಸತ್ಯಾಗ್ರಹಿಯ ಗಾಂಭೀರ್ಯದಿಂದಲೇ ತಿಂದೆ. ಮೆಣಸಿನಕಾಯಿ ಖಾರವಾಗಿತ್ತು. ಅವನ ನೀರಿನ ಬಾಟಲಿಯನ್ನೂ ಇಸಿದುಕೊಳ್ಳಬೇಕಾಯಿತು. ಚಿಕ್ಕಗಡಿಯ ಚಳವಳಿ ಹಾಗೆ ಮುಗಿಯಿತು.

ಕೆಲಸ ಜೋರಾಗಿ ನಡೆಯಿತು. ಓಣಿಯ ಮನೆಗಳ ಬಿದ್ದ ಮೂಲೆಗಳಿಗೆ ಹಳೆಯ ಕಲ್ಲಿನ ಬದಲು ನುಣ್ಣನೆ ಕಾಂಕ್ರೀಟು ತುಂಬಿದರು. ಎಲ್ಲರ ಬಾಗಿಲಿಗೂ ಒಂದೇ ಬೂದಿಬಣ್ಣ ಬಳಿದರು. ಕುಡಿದು ಬಂದವರು ಪಕ್ಕದ ಮನೆಯ ಬಾಗಿಲು ಬಡಿಯುವುದು ಆಗಿನಿಂದ ಹೆಚ್ಚಾಯಿತು. ಬಾಗ್‌ನಲ್ಲಿ ಜಾಲಿ ಹೋಗಿ ಹುಲ್ಲು ಬಂತು. ಹುಲ್ಲು ಬಂದ ವಾರದಲ್ಲೇ ಕುರುಮಯ್ಯನ ಕುರಿಗಳೂ ಬಂದವು. ಭಾನುಪ್ರಕಾಶ ಅವುಗಳನ್ನು ಓಡಿಸುವ ಬದಲು, “ಸಾಲು ಹಿಡಿದು ಮೇಯಿಸು,” ಎಂದ. ಕುರುಮಯ್ಯ ಕೈ ಮುಗಿದು, “ನನ್ನ ಕುರಿ ಇಷ್ಟು ಓದಿಲ್ರಿ ಸಾರ್,” ಎಂದ.

ಗೋಡೆಗೆ ಕಾಂಕ್ರೀಟು ಸುರಿಯಲು ಕಟ್ಟಿದ್ದ ಹಲಗೆ ಬಿಚ್ಚಿದ ಸುದ್ದಿ ಕೇಳಿ ಒಂದು ಬೆಳಿಗ್ಗೆ ಹೊರಟೆ. ತಪ್ಪು ಹುಡುಕುವುದಕ್ಕೆಂದೇ ಹೊರಟೆ. ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಸಂಜೆ ಕಟ್ಟೆಯ ಮೇಲೆ ಹೇಳಬಹುದಿತ್ತು. ಗೋಡೆಯ ಎದುರಿಗಿದ್ದ ಕಾಂಕ್ರೀಟ್ ಬೆಂಚಿನ ಮೇಲೆ ಕುಳಿತೆ. ಬಿಸಿಲು ಆಗಷ್ಟೇ ಓರೆಯಾಗಿ ಬೀಳುತ್ತಿತ್ತು. ಹಲಗೆಯ ಮರದ ನಾರು ಗೋಡೆಯ ಮೇಲೆ ಹಾಗೆಯೇ ಮೂಡಿ ನಿಂತಿತ್ತು. ಗೆರೆಯ ಪಕ್ಕ ಗೆರೆ, ಗೆರೆಯ ಪಕ್ಕ ಗೆರೆ, ಮಗ್ಗಕ್ಕೆ ಉದ್ದೆಳೆಗಳ ಹಾಸು ಕಟ್ಟಿ ಇನ್ನೂ ಲಾಳಿ ಎಸೆಯದೇ ಇದ್ದಾಗ ನೂಲು ಕಾಣುತ್ತದಲ್ಲ, ಹಾಗೆ. ಕಿಂಡಿಯೊಳಗೆ ಬೇವಿನ ಮರ ಅಲುಗಾಡುತ್ತಿತ್ತು. ಆ ಮರವನ್ನು ಹುಟ್ಟಿದಾಗಿನಿಂದ ಕಂಡಿದ್ದೆ, ಅದರ ಬುಡದಲ್ಲೇ ಚೊಂಬು ಇಟ್ಟಿದ್ದೆ. ಅದು ಇಷ್ಟು ಚೆಂದ ಇದೆ ಎಂದು ಯಾರೂ ಹೇಳಿರಲಿಲ್ಲ.

ಎಷ್ಟು ಹೊತ್ತು ಕುಳಿತೆನೋ. ಎದ್ದಾಗ ನಾಚಿಕೆಯಾಯಿತು. ಸುತ್ತ ಯಾರಾದರೂ ನೋಡಿದರೇ ಎಂದು ಕಣ್ಣಾಡಿಸಿ, ವಿರೋಧಿಗಳು ನಡೆಯುವ ಹಾಗೆ ಬಿರಬಿರನೆ ನಡೆದು ಮನೆಗೆ ಬಂದೆ.

ಮರುದಿನ ಮತ್ತೆ ಹೋದೆ. ಜೋಗಮ್ಮನಿಗೆ ವಾಕಿಂಗ್ ಎಂದೆ. ಹುಟ್ಟಾ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕುಳಿತ ಮನುಷ್ಯ ವಾಕಿಂಗ್ ಎಂದರೆ ಯಾವ ಹೆಂಡತಿ ನಂಬುತ್ತಾಳೆ? ಅವಳು ಹಿಂಬಾಲಿಸಿ ಬಂದು ನೋಡಿದಳು. ಗಂಡ ಒಂಟಿಯಾಗಿ ಗೋಡೆ ನೋಡುತ್ತ ಕುಳಿತಿದ್ದಾನೆ.

“ಬ್ಯಾರೆ ಏನರ ಇರ್ತದ ಅಂದಿದ್ದೆ,” ಎಂದಳು. ಅವಳ ದನಿಯಲ್ಲಿ ಸ್ವಲ್ಪ ನಿರಾಸೆಯೂ ಇತ್ತು.

ಹೊಸದಾಗಿ ಮತಾಂತರಗೊಂಡವರ ಹುಮ್ಮಸ್ಸು ನನ್ನನ್ನು ಹಿಡಿಯಿತು. ಮನೆಯ ಗೋಡೆಯ ಮೇಲೆ ಬಂಗಾರದಂಗಡಿ, ಕಿರಾಣಿ ಅಂಗಡಿ, ಗೊಬ್ಬರದ ಅಂಗಡಿಗಳ ಕ್ಯಾಲೆಂಡರು ತೂಗುತ್ತಿದ್ದವು. ಎಲ್ಲ ತೆಗೆದೆ. ಜೋಗಮ್ಮ ತವರಿನಿಂದ ತಂದು ಗೋಡೆಯ ಮಾಡದಲ್ಲಿ ಸಾಲಾಗಿ ಜೋಡಿಸಿದ್ದ ಹಿತ್ತಾಳೆ ತಂಬಿಗೆಗಳನ್ನು ಅಟ್ಟಕ್ಕೆ ಹಾಕಿದೆ. ಟಿವಿಯ ಮೇಲಿನ ಪ್ಲಾಸ್ಟಿಕ್ ಗುಲಾಬಿಗೆ ಗತಿ ಕಾಣಿಸಿದೆ. ಪಡಸಾಲೆಗೆ ಬೂದಿಬಣ್ಣ ಬಳಿದು ನಡುವೆ ಒಂದೇ ಒಂದು ಸ್ಟೂಲ್ ಇಟ್ಟೆ.

ಜೋಗಮ್ಮ ಹೊಲದಿಂದ ಬಂದು ಹೊಸ್ತಿಲಲ್ಲಿ ನಿಂತಳು. “ಇದು ಮನಿ ಐತೋ, ದವಾಖಾನಿ ಐತೋ?”

“ಬೆಳಕು, ನೆರಳು,” ಎಂದೆ.

“ನೀರು ತುಂಬೋ ತಂಬಿಗಿ ಎಲ್ಲಿ?”

“ಮ್ಯಾಲ.”

“ಹಂಗಾದ್ರ ನೀರೂ ಅಲ್ಲೇ ಹತ್ತಿ ಕುಡಿ.” ಎರಡು ದಿನ ನಿಚ್ಚಣಿಕೆ ಹತ್ತಿಯೇ ಕುಡಿದೆ. ಮೂರನೆಯ ದಿನ ತಂಬಿಗೆಗಳು ಕೆಳಗಿಳಿದವು. ಅವುಗಳ ಹಿಂದೆಯೇ ಕ್ಯಾಲೆಂಡರಿನ ದೇವರುಗಳೂ ಮರಳಿದರು.

ಮನೆಯಲ್ಲಿ ಸೋತೆ, ಮಗ್ಗದಲ್ಲಿ ಗೆಲ್ಲುತ್ತೇನೆಂದು ಹೊರಟೆ. ಗದ್ವಾಲ ಸೀರೆ ಎಂದರೆ ಹತ್ತಿಯ ಒಡಲು, ರೇಷ್ಮೆಯ ಅಂಚು, ಜರಿಯ ಸೆರಗು. ನಾನು ಅಂಚು ಬಿಟ್ಟೆ, ಬುಟ್ಟಾ ಬಿಟ್ಟೆ, ಜರಿ ಬಿಟ್ಟೆ. ಬೂದಿಬಣ್ಣದ ಒಡಲು, ಸೆರಗಿಗಿಂತ ಸ್ವಲ್ಪ ಹಿಂದೆ ಒಂದೇ ಒಂದು ಬಿಳಿ ಗೆರೆ. ಆ ಗೆರೆಯ ಜಾಗಕ್ಕಾಗಿ ನಾನು ಪಟ್ಟ ಸಂಕಟ ದೇವರಿಗೇ ಗೊತ್ತು. ಮುಗಿದ ದಿನ ಸೀರೆಯನ್ನು ಕೂಸಿನ ಹಾಗೆ ಎತ್ತಿಕೊಂಡು ಗದ್ವಾಲದ ಬಸ್ಸು ಹತ್ತಿದೆ.

ನನ್ನ ಸೀರೆಗಳನ್ನು ತೆಗೆದುಕೊಳ್ಳುವ ಅಂಗಡಿಯವನು ನರೇಂದರ್. ಅವನ ತಂದೆಯ ಕಾಲದಿಂದಲೂ ಪರಿಚಯ. ಸೀರೆ ಬಿಡಿಸಿದ. ಇನ್ನೂ ಬಿಡಿಸಿದ. ಕೊನೆ ಮುಟ್ಟಿತು. ತಿರುವಿ ಹಾಕಿ ಹಿಂದೆ ನೋಡಿದ.

“ಏಂದಯ್ಯಾ ಇದಿ? ಉಳಿದದ್ದು ಎಲ್ಲೈತಿ?”

“ಇಷ್ಟಾ.”

“ಅಂಚು?”

“ಇಲ್ಲ. ಅದಾ ಇದರ ಸೊಗಸು.”

ನರೇಂದರ್ ನನ್ನ ಮುಖ ನೋಡಿದ, ಚಹಾ ತರಿಸಿದ. ಚಹಾ ಮುಗಿಯುವವರೆಗೂ ಬೇರೆ ಮಾತಾಡಿ, ಆಮೇಲೆ ಮೆಲ್ಲಗೆ, “ಮಾರ್ಕಂಡೇಯಣ್ಣಾ, ಇದು ಸೀರಿ ಅಲ್ಲ, ಸೀರಿದು ಎಲುಬು. ಮಾಂಸ ಹಚ್ಚಿಕೊಂಡು ಬಾ,” ಎಂದ.

ವಾಪಸ್ ತಂದೆ. ಜೋಗಮ್ಮ ಅದನ್ನು ಕತ್ತರಿಸಿ ತಲೆದಿಂಬಿಗೆ ಚೀಲ ಹೊಲಿದಳು. ಆ ಬಿಳಿ ಗೆರೆ ನನ್ನ ದಿಂಬಿಗೇ ಬಂತು, ಸರಿಯಾಗಿ ನಡುಮಧ್ಯ. ಗೆರೆ ನಡುಮಧ್ಯ ಬರಬಾರದೆಂದೇ ನಾನು ಅಷ್ಟು ಒದ್ದಾಡಿದ್ದೆ.

ಊರು ತಯಾರಾದ ಮೇಲೆ ಮೊದಮೊದಲು ನೋಡುವವರು ಬಂದರು. ಕುರ್ತಾ ಹಾಕಿದವರು, ಕ್ಯಾಮೆರಾ ಹಿಡಿದವರು. ಬಂದವರು ಗೋಡೆ ನೋಡಿ “ಓ” ಅಂದು ಹೋದರು. ಆಮೇಲೆ ಬರುವವರು ಕಡಿಮೆಯಾದರು. ನಾನು ಮಾತ್ರ ದಿನಾ ಹೋಗುತ್ತಿದ್ದೆ. ಊರಲ್ಲಿ ನನಗೆ ಗ್ವಾಡಿ ಮಾರ್ಕಂಡೇಯ ಎಂಬ ಹೆಸರು ಬಿತ್ತು. ಎರಡು ವರ್ಷ ಹೀಗೆ ಕಳೆಯಿತು.

ಹೋದ ಚಳಿಗಾಲದಲ್ಲಿ ಭಾನುಪ್ರಕಾಶ ಮತ್ತೆ ಬಂದ. ಗಡ್ಡ ಬಿಟ್ಟಿದ್ದ. ಕೈಮಗ್ಗದ ಜುಬ್ಬಾ ತೊಟ್ಟಿದ್ದ. ಭಜಿ ಬಿಟ್ಟು ಸಜ್ಜೆ ರೊಟ್ಟಿ ಹಿಡಿದಿದ್ದ. ಸಭೆ ಸೇರಿಸಿ ತಲೆ ತಗ್ಗಿಸಿ ನಿಂತ.

“ನಾ ತಪ್ಪು ಮಾಡೀನ್ರಿ. ನಿಮ್ಮ ಊರಿನ ಆತ್ಮದ ಮ್ಯಾಲ ಕಾಂಕ್ರೀಟ್ ಸುರಿದೀನಿ. ಆ ಗ್ವಾಡಿ ಕೆಡವತೀನಿ. ಟ್ರಸ್ಟ್ ಒಪ್ಪೈತಿ. ಮಣ್ಣು, ಸುಣ್ಣ, ಕೆತ್ತನಿ ಕಂಬ, ಮಲ್ಲಿಗಿ ಬಳ್ಳಿ, ಕಾರಂಜಿ. ರಾಣಿ ಕಾಲದಾಗ ಹೆಂಗಿತ್ತೋ ಹಂಗ.”

ಜನ ಹಿಂದಿನ ಸಲ ಹೇಗೆ ತಲೆಯಾಡಿಸಿದ್ದರೋ ಹಾಗೆಯೇ ಆಡಿಸಿದರು. ಎದ್ದು ನಿಂತೆ. ಮಾತು ತಾನೇ ಬಂತು, ಆದರೆ ಹಳೆಯದೇ ಬಂತು: “ನಮ್ಮ ಪೂರ್ವಜರು ಬೆವರು ಸುರಿಸಿ ಕಟ್ಟಿದ ಗ್ವಾಡಿ ಇದು...”

ಕಟ್ಟೆಯೆಲ್ಲ ನಗೆ. ಕುರುಮಯ್ಯ ಕಣ್ಣೊರೆಸಿಕೊಂಡು ಎಂದ, “ಲೇ ಮಾರ್ಕಂಡೇಯಾ, ಹ್ವಾದ ಸಲ ಗ್ವಾಡಿ ಬ್ಯಾಡ ಅಂದಿ, ಈ ಸಲ ಬೇಕು ಅಂತಿ. ನಿನಗ ಬೇಕಾಗಿದ್ದು ಶಾಮಿಯಾನಾ ಏನು?”

ಕುಳಿತುಬಿಟ್ಟೆ. ಜನ್ಮದಲ್ಲಿ ಮೊದಲ ಬಾರಿಗೆ ನಿಜವಾಗಿ ಹೇಳಬೇಕಾದದ್ದು ನನ್ನಲ್ಲಿತ್ತು, ಹೇಳುವ ಬಾಯಿಯನ್ನು ಮಾತ್ರ ಅಷ್ಟು ವರ್ಷ ಅಡ್ಡಮಾತಿಗೆ ಬಳಸಿ ಸವೆಸಿಬಿಟ್ಟಿದ್ದೆ. ಈಗ ನಾನು ಬಾಯಿ ತೆರೆದರೆ ಜನಕ್ಕೆ ಹಬ್ಬ.

ಭಾನುಪ್ರಕಾಶ ನಗಲಿಲ್ಲ. ಸಭೆ ಅರ್ಧಕ್ಕೇ ಬಿಟ್ಟು ನನ್ನನ್ನು ಬಾಗ್‌ಗೆ ಕರೆದುಕೊಂಡು ಹೋದ. ಬೆಂಚಿನ ಮೇಲೆ ಕುಳಿತು ಕೇಳಿದ, “ಖರೇನ ಇಷ್ಟ ಐತೇನ್ರಿ ಕಾಕಾ? ಯಾಕ?”

ಮರದ ನಾರಿನ ಗೆರೆ ತೋರಿಸಿದೆ. ಹಾಸಿನ ನೂಲಿನ ಮಾತು ಹೇಳಿದೆ. ಹಲಗೆಯ ಆ ಗೆರೆಗಳನ್ನು ಮೂಡಿಸಿದ ಕೈಗೆ ಮುಗಿಯಬೇಕು ಎಂದೆ.

“ಕಾಕಾ, ಅವು ನಾ ಮಾಡಿದ್ದಲ್ರಿ. ನನಗ ಕನ್ನಡಿಯಂಗ ನುಣ್ಣನ್ನ ಗ್ವಾಡಿ ಬೇಕಾಗಿತ್ತು. ಗುತ್ತೇದಾರ ಎಲ್ಲೋ ಮರಿಕಲ್ ಕಡೆ ಸಂತ್ಯಾಗ ಹಳೀ ಹಲಗಿ ತಂದು ಹಾಕಿಬಿಟ್ಟ. ಆವತ್ತು ನೋಡಿ ನಾ ಅತ್ತೀನಿ.”

ನನ್ನ ಸೌಂದರ್ಯಪ್ರಜ್ಞೆಯ ಗುರು ಯಾರು ಎಂದು ಆಗ ತಿಳಿಯಿತು: ಹಲಗೆಯಲ್ಲಿ ಕಳ್ಳಾಟ ಆಡಿದ ಒಬ್ಬ ಗುತ್ತೇದಾರ. ಇಬ್ಬರೂ ಗೋಡೆ ನೋಡಿದೆವು. ಸ್ವಲ್ಪ ಹೊತ್ತಿನ ಮೇಲೆ ಭಾನುಪ್ರಕಾಶ, “ಹೌದಲ್ಲ, ಚಂದ ಅದಾವು,” ಎಂದ. ನನಗೆ ಸಂತೋಷವಾಗಬೇಕಿತ್ತು. ಆದರೆ ಅವನು ಹೌದು ಎಂದ ಕೂಡಲೇ, ಅಷ್ಟೇನೂ ಚೆಂದವಿಲ್ಲವೇನೋ ಎಂಬ ಹಳೆಯ ಕಜ್ಜಿ ಒಳಗೆ ಕೆರೆಯಿತು. ಹಲ್ಲು ಕಚ್ಚಿ ತಡೆದುಕೊಂಡೆ.

“ಆದ್ರ ಟ್ರಸ್ಟ್‌ಗೆ ಮಾತು ಕೊಟ್ಟೀನಲ್ರಿ,” ಎಂದ.

ಗೋಡೆಯನ್ನು ಉಳಿಸಿದ್ದು ನನ್ನ ಮಾತೂ ಅಲ್ಲ, ಅವನ ಕಣ್ಣೂ ಅಲ್ಲ. ಮರುದಿನ ಕೆಡಹುವ ಯಂತ್ರ ಬಂದಾಗ ಗೋಡೆಯ ಹಿಂಬದಿಯಲ್ಲಿ ಜೋಗಮ್ಮ ಮತ್ತು ಓಣಿಯ ಹೆಂಗಸರು ಹಾಸು ಚಾಚಿದ್ದರು. ಸೀರೆಯ ಹಾಸಿನ ನೂಲಿಗೆ ಗಂಜಿ ಹಚ್ಚಿ ಉದ್ದಕ್ಕೆ ಎಳೆದು ಒಣಗಿಸಬೇಕು, ಅದಕ್ಕೆ ನೆಟ್ಟಗಿನ ನೆಲ, ಗಾಳಿಗೆ ಮರೆ, ಅರೆನೆರಳು ಬೇಕು. ಊರಲ್ಲಿ ಅಂಥ ಜಾಗ ಈಗ ಅದೊಂದೇ ಎಂದು ಅವರು ಯಾವಾಗಲೋ ಕಂಡುಕೊಂಡಿದ್ದರು. ನಾನು ಎರಡು ವರ್ಷ ಗೋಡೆಯ ಮುಂದೆ ಕುಳಿತಿದ್ದೆ, ಹಿಂದೆ ಏನು ನಡೆಯುತ್ತಿದೆ ಎಂದು ಇಣುಕಿರಲಿಲ್ಲ. ನನ್ನ ಮಗ್ಗಕ್ಕೆ ಬರುತ್ತಿದ್ದ ಹಾಸೂ ಅಲ್ಲೇ ಒಣಗುತ್ತಿತ್ತು.

ಯಂತ್ರದವನು ಹಾರ್ನ್ ಹೊಡೆದ. ಜೋಗಮ್ಮ ಗಂಜಿಯ ಕುಂಚ ಹಿಡಿದುಕೊಂಡೇ ಎದ್ದು ಭಾನುಪ್ರಕಾಶನ ಮುಂದೆ ನಿಂತಳು.

“ಏನಪಾ, ಗ್ವಾಡಿ ಕೆಡವತೀಯಂತ?”

“ಹೌದವ್ವಾ. ತಪ್ಪಾಗೈತಿ ನನ್ನಿಂದ.”

“ತಪ್ಪು ಮಾಡಿದ್ರ ಅಲ್ಲೇ ಇರಲಿ. ಎಲ್ಲಾರೂ ತಪ್ಪು ಮಾಡಿದ್ದೆಲ್ಲಾ ಕೆಡವಕೋತ ಹೋದ್ರ ಊರಾಗ ಏನು ಉಳಿತೈತಿ? ಮುಂದಿನ ಮಾರಿಗಿ ಏನರ ಬಳಕೋ. ಹಿಂದ ಮುಟ್ಟಬ್ಯಾಡ. ಮಣ್ಣು ಉದುರಿದ್ರ ನೂಲು ಹೊಲಸಾಗತೈತಿ.”

ಅಷ್ಟೇ. ಸತ್ಯಾಗ್ರಹವಿಲ್ಲ, ಪೂರ್ವಜರಿಲ್ಲ. ಯಂತ್ರದವನು ಚಹಾ ಕುಡಿದು ಹೋದ.

ಈಗ ಗೋಡೆಯ ಮುಂಬದಿಗೆ ಮಣ್ಣು, ಸುಣ್ಣ, ಎರಡು ಹುಸಿ ಕಮಾನು. ಮಲ್ಲಿಗೆ ಬಳ್ಳಿ ಹಬ್ಬುತ್ತಿದೆ. ಹಿಂಬದಿ ಹಲಗೆಯ ಗೆರೆಗಳ ಸಮೇತ ಬೋಳುಬೋಳಾಗಿ ಹಾಗೆಯೇ ಇದೆ. ಎದುರಿನಿಂದ ನೋಡಿದರೆ ಮುನ್ನೂರು ವರ್ಷದ ಗೋಡೆ, ಹಿಂದಿನಿಂದ ಮೂರು ವರ್ಷದ್ದು. ಬರುವವರಿಗೆ ಊರು ತೋರಿಸುವ ಕೆಲಸವನ್ನು ಟ್ರಸ್ಟ್‌ನವರು ನನಗೇ ಕೊಟ್ಟಿದ್ದಾರೆ. ಅವರು ಮುಂದೆ ನಿಂತು ಫೋಟೊ ತೆಗೆಸಿಕೊಂಡ ಮೇಲೆ ನಾನು ಹೇಗಾದರೂ ಮಾಡಿ ಹಿಂದಕ್ಕೆ ಎಳೆದೊಯ್ಯುತ್ತೇನೆ. ಹಾಸಿನ ನೂಲು, ಗೆರೆ, ಬೆಳಕು, ಎಲ್ಲ ವಿವರಿಸುತ್ತೇನೆ. ಅವರು ಗೌರವದಿಂದ ಕೇಳಿ, “ಈ ಕಡೆ ಕೆಲಸ ಇನ್ನೂ ಬಾಕಿ ಐತೇನ್ರಿ?” ಎನ್ನುತ್ತಾರೆ.

ಬೆಂಚನ್ನು ಹಿಂಬದಿಗೆ ಹಾಕಿಸಿಕೊಂಡಿದ್ದೇನೆ. ಮೊನ್ನೆ ಹಾಸು ಒಣಗುವುದನ್ನು ಕಾಯುತ್ತ ಜೋಗಮ್ಮ ನನ್ನ ಪಕ್ಕ ಬಂದು ಕುಳಿತಳು. ಎಲೆ ಅಡಿಕೆ ಹಾಕಿಕೊಂಡಳು. ಬೆಳಕು ಸರಿಯಾಗಿ ಬೀಳುತ್ತಿತ್ತು. ಗೆರೆಗಳೆಲ್ಲ ಎದ್ದಿದ್ದವು. ಈಗ ಹೇಳಿದರೆ ಅರ್ಥವಾಗುತ್ತದೆ ಎಂದು ಶುರುಮಾಡಿದೆ, “ನೋಡು, ಆ ಗೆರಿ ಐತಲ್ಲ, ಅದು...”

“ಕಾಣತೈತಿ,” ಎಂದಳು.

“ಚಂದ ಐತಿಲ್ಲೋ?”

“ನೀ ಬಾಯಿ ಮುಚ್ಚಿಕೊಂಡು ಕುಂತ್ರ ಚಂದ ಐತಿ.”

ಅಲ್ಲ ಎನ್ನಲು ನಾಲಿಗೆ ತುದಿಯವರೆಗೆ ಬಂದಿತ್ತು. ನುಂಗಿಕೊಂಡು ಸುಮ್ಮನೆ ಕುಳಿತೆ. ಹಾಸು ಒಣಗುವವರೆಗೂ ಇಬ್ಬರೂ ಹಾಗೆಯೇ ಇದ್ದೆವು.